ಬಾಚಣಿಗೆಯಲ್ಲಿ ಸಿಕ್ಕ ಸುಳಿವು

ತಿಪಟೂರಿನ ಅಂಚಿನಲ್ಲೊಂದು ಹೆಂಚಿನ ಮನೆ. ಹಂಡೆಯೊಲೆಗೆ ತುರುಕಿದ ತೆಂಗಿನ ಮಟ್ಟೆಯ ಹೊಗೆ ಬಚ್ಚಲು ದಾಟಿ ಹಿತ್ತಿಲಿಗೆ ಹಬ್ಬುತ್ತಿದೆ. ಜಗಲಿಯ ಮೇಲೆ ಅಮ್ಮ ಮಗಳ ತಲೆ ಬಾಚುತ್ತಿದ್ದಾಳೆ. ಬಾಚಣಿಗೆ ಎಳೆದರೆ ಹಿಡಿ ಕೂದಲು ಬರುತ್ತದೆ. ಮತ್ತೆ ಎಳೆದರೆ ಮತ್ತೊಂದು ಹಿಡಿ. ಸಿಕ್ಕಿಗೆ ಸಿಲುಕಿ ಹರಿದ ಕೂದಲಲ್ಲ, ನೋವೇ ಇಲ್ಲದೆ ಬುಡದಿಂದ ಕಳಚಿಕೊಂಡು ಬರುತ್ತಿದೆ. ದಿಂಬಿನ ಮೇಲೂ ಅದೇ, ಬಚ್ಚಲ ತೂಬಿನ ಬಾಯಲ್ಲೂ ಅದೇ.

"ಬೋರ್ ನೀರು ಕಣೇ. ಈ ಸಲ ಬಲೇ ಗಡಸಾಗಿದೆ."

"ನೀನೂ ಅದೇ ನೀರಲ್ಲೇ ತಲೆಗೆ ಹಾಕ್ಕೊಳ್ಳೋದು ಅಲ್ವೇನಮ್ಮ? ನಿಂಗೆ ಉದುರ್ತಿಲ್ವಲ್ಲ."

ಅಮ್ಮನ ಕೈ ನಿಲ್ಲುತ್ತದೆ. ಅವಳು ಎದ್ದು ಒಳಗೆ ಹೋಗಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾಳೆ. ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ, ರಕ್ತಭೇದಿಯಾಗಿ, ಕಾಲೇಜು ತಪ್ಪಿಹೋಗಿತ್ತು. ಸ್ಟೆರಾಯ್ಡ್‌ನಿಂದ ರಕ್ತ ನಿಂತಿದೆ. ಆ ಸ್ಟೆರಾಯ್ಡನ್ನು ಮೆಲ್ಲಗೆ ಇಳಿಸುತ್ತ ಬರಲೆಂದು ಡಾಕ್ಟರು ಅಜಾಥಯೋಪ್ರಿನ್ ಎಂಬ ಹೊಸ ಮಾತ್ರೆ ಸೇರಿಸಿದ್ದು ಶಿವರಾತ್ರಿಯ ಮರುದಿನ. ಅಮ್ಮ ಬೆರಳಿಟ್ಟು ಎಣಿಸುತ್ತಾಳೆ. ಮೂರು ವಾರ. ಅಡ್ಡಪರಿಣಾಮ ಗುರುತಿಸಲು ಮನೆಯವರ ಕೈಯಲ್ಲಿ ಈ ಎಣಿಕೆಗಿಂತ ದೊಡ್ಡ ಸಾಧನವಿಲ್ಲ ಎಂದೇ ನನ್ನ ನಂಬಿಕೆ. ಮಾತ್ರೆ ಯಾವತ್ತು ಶುರುವಾಯಿತು, ತೊಂದರೆ ಯಾವತ್ತು ಕಂಡಿತು?

"ವಾರವಾರ ರಕ್ತ ಕೊಡು ಅಂದಿದ್ರಲ್ಲ, ಕೊಟ್ಯಾ?"

"ಮೊದಲ್ನೇ ವಾರ ಕೊಟ್ಟೆ. ಆಮೇಲೆ ಚೆನ್ನಾಗೇ ಇದ್ದೆನಲ್ಲ, ಟೆಸ್ಟ್ ಬೇರೆ ಇತ್ತು." ಉಗುಳು ನುಂಗುವಾಗ ಅವಳ ಮುಖ ಕಿವುಚಿಕೊಳ್ಳುತ್ತದೆ. ನಿನ್ನೆ ರಾತ್ರಿಯಿಂದ ಗಂಟಲುನೋವು.

ಮುಂದಿನ ಅಪಾಯಿಂಟ್‌ಮೆಂಟಿಗೆ ಇನ್ನೂ ಒಂದು ವಾರವಿದೆ. ಅಮ್ಮ ಅದಕ್ಕಾಗಿ ಕಾಯುವುದಿಲ್ಲ. ಉದುರಿದ ಕೂದಲನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಫೈಲಿನೊಳಗಿಟ್ಟು, ಮಗಳನ್ನು ಬೆಂಗಳೂರಿನ ರೈಲು ಹತ್ತಿಸುತ್ತಾಳೆ.

ಆಸ್ಪತ್ರೆಯ ಮೂರನೇ ಮಹಡಿ. ಫಿನಾಯಿಲ್ ವಾಸನೆ, ಟೋಕನ್ ಕೂಗುವ ದನಿ, ಜಾಗ ಸಾಲದ ಬೆಂಚು. ಪಕ್ಕದಲ್ಲಿ ಕುಳಿತ ದಾವಣಗೆರೆಯ ಯಜಮಾನರು ಕರುಳಿನ ಕಾಯಿಲೆಗೆಂದು ಮೆಸಲಮಿನ್ ಶುರುಮಾಡಿ ಹತ್ತು ದಿನವಾಗಿದೆ. ಭೇದಿ ಕಮ್ಮಿಯಾಗುವ ಬದಲು ಹೆಚ್ಚಾಗಿ, ಮೈ ಬೆಚ್ಚಗಾಗಿದೆ. ಕಾಯಿಲೆ ಜೋರಾಯಿತೆಂದು ಅವರು ಕಂಗಾಲು. ಆದರೆ ಕೆಲವರಿಗೆ ಆ ಔಷಧಿಯೇ ಒಗ್ಗದೆ ಹೀಗಾಗುವುದುಂಟು. ಕರುಳಿನ ಕಾಯಿಲೆಯಲ್ಲಿ ಇದಕ್ಕಿಂತ ಕಷ್ಟದ ಒಗಟು ಇನ್ನೊಂದಿಲ್ಲ: ರೋಗದ ಲಕ್ಷಣವೂ ಮದ್ದಿನ ತೊಂದರೆಯೂ ಒಂದೇ ವೇಷದಲ್ಲಿ ಬರುತ್ತವೆ.

ಒಳಗೆ ಡಾಕ್ಟರಮ್ಮ ಕವರನ್ನು ಬಿಚ್ಚಿ ನೋಡುತ್ತಾರೆ. ನಗುವುದಿಲ್ಲ. ಮಗಳ ನೆತ್ತಿಯ ಕೂದಲನ್ನು ಎರಡು ಬೆರಳಲ್ಲಿ ಹಗುರವಾಗಿ ಎಳೆಯುತ್ತಾರೆ, ಗೊಂಚಲೇ ಕೈಗೆ ಬರುತ್ತದೆ. ಟಾರ್ಚ್ ಹಿಡಿದು ಬಾಯೊಳಗೆ ಬಿಳಿ ಹುಣ್ಣುಗಳನ್ನು ಹುಡುಕುತ್ತಾರೆ. ಥರ್ಮಾಮೀಟರ್ 101 ತೋರಿಸುತ್ತದೆ.

"ಕಾಯಿಲೆ ಜೋರಾದಾಗ್ಲೂ ಕೂದಲು ಉದುರುತ್ತೆ ಅಮ್ಮ. ಆದ್ರೆ ಅದು ಎರಡು-ಮೂರು ತಿಂಗಳು ಬಿಟ್ಟು ಶುರುವಾಗಿ, ನಿಧಾನಕ್ಕೆ ತೆಳ್ಳಗಾಗೋದು. ಇದು ಹಾಗಿಲ್ಲ. ಈಗ್ಲೇ ರಕ್ತ ತೆಗೀಬೇಕು."

ಒಂದು ಗಂಟೆಯೊಳಗೆ ಚೀಟಿ ಬರುತ್ತದೆ. ಬಿಳಿ ರಕ್ತಕಣ 4,000ದಿಂದ 11,000ದವರೆಗೆ ಇರಬೇಕಾದದ್ದು 1,400ಕ್ಕೆ ಇಳಿದಿದೆ.

ಅಜಾಥಯೋಪ್ರಿನ್ ದೇಹದೊಳಗೆ ರೂಪಾಂತರಗೊಂಡು, ಒಡೆದು ಬೆಳೆಯುವ ಜೀವಕೋಶಗಳ ಡಿಎನ್‌ಎಗೆ ನುಗ್ಗುತ್ತದೆ. ಅದು ಅತಿಯಾಗದಂತೆ ತಡೆಯುವ ಕಿಣ್ವಗಳಲ್ಲೊಂದು ಎನ್‌ಯುಡಿಟಿ15. ಅದರ ಜೀನ್‌ನಲ್ಲಿ ಅಪ್ಪ-ಅಮ್ಮ ಎರಡೂ ಕಡೆಯಿಂದ ದೋಷ ಪಡೆದು ಹುಟ್ಟಿದವರಿಗೆ ಸಾಮಾನ್ಯ ಡೋಸೇ ವಿಷವಾಗುತ್ತದೆ. ಬಿರುಸಾಗಿ ಬೆಳೆಯುವ ಕೂದಲ ಬುಡ ಮತ್ತು ರಕ್ತ ತಯಾರಿಸುವ ಮೂಳೆಮಜ್ಜೆ ಮೊದಲು ಪೆಟ್ಟು ತಿನ್ನುತ್ತವೆ. ಈ ನಂಟನ್ನು ಕೊರಿಯಾದಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ ರೋಗಿಗಳಲ್ಲಿ ಗುರುತಿಸಿದ್ದು 2014ರಲ್ಲಿ. ಈ ದೋಷ ಯುರೋಪಿನವರಲ್ಲಿ ಅಪರೂಪ, ನಮ್ಮನ್ನೂ ಒಳಗೊಂಡ ಏಷ್ಯಾದವರಲ್ಲಿ ಹೆಚ್ಚು. ಯುರೋಪಿನವರಿಗೆಂದು ರೂಢಿಯಾದ, ಟಿಪಿಎಂಟಿ ಎಂಬ ಇನ್ನೊಂದು ಕಿಣ್ವದ ಪರೀಕ್ಷೆಯೊಂದನ್ನೇ ನಂಬಿದರೆ ನಮ್ಮ ಮಕ್ಕಳ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಮಾತ್ರೆ ಶುರುಮಾಡುವ ಮುನ್ನವೇ ಎನ್‌ಯುಡಿಟಿ15 ಪರೀಕ್ಷೆ ನಮ್ಮಲ್ಲಿ ಎಲ್ಲರ ಕೈಗೆಟುಕಬೇಕು. ಎಟುಕಿದರೂ ವಾರದ ರಕ್ತಪರೀಕ್ಷೆಯನ್ನು ಬಿಡುವಂತಿಲ್ಲ. ಆ ಜೀನ್ ಸರಿಯಿದ್ದವರಿಗೂ ಬಿಳಿಕಣ ಇಳಿಯಬಹುದು, ಇಳಿಯುವಾಗ ಮೈಗೆ ಏನೂ ಗೊತ್ತಾಗದಿರಬಹುದು.

"ಜ್ವರ ಬಂದು ಬಿಳಿಕಣ ಇಷ್ಟು ಕೆಳಗಿದ್ರೆ ಮನೆಗೆ ಕಳ್ಸೋ ಹಾಗಿಲ್ಲ. ಅಡ್ಮಿಟ್ ಆಗಿ, ಈಗ್ಲೇ ಆಂಟಿಬಯಾಟಿಕ್ ಡ್ರಿಪ್ ಹಾಕ್ತೀವಿ," ಎನ್ನುತ್ತಾರೆ ಡಾಕ್ಟರಮ್ಮ. "ಸ್ಟೆರಾಯ್ಡ್ ತಗೊಳ್ಳೋವಾಗ ಜ್ವರ ಪೂರ್ತಿ ಮೇಲಕ್ಕೆ ಬರೋದೂ ಇಲ್ಲ. ಇವತ್ತೇ ಬಂದಿದ್ದು ಒಳ್ಳೇದಾಯ್ತು."

ವಾರ್ಡಿನ ಮಂಚದ ಮೇಲೆ ಡ್ರಿಪ್ ಹನಿಯಲು ಶುರುವಾದ ಮೇಲೆ ಹುಡುಗಿ ಕೇಳುತ್ತಾಳೆ: "ಮೇಡಂ, ಎಲ್ಲಾ ಮಾತ್ರೆನೂ ಬಿಟ್ಬಿಡ್ಲಾ?"

"ಅಜಾಥಯೋಪ್ರಿನ್ ಇವತ್ತಿಂದ ಬಂದ್. ಸ್ಟೆರಾಯ್ಡ್ ಮಾತ್ರ ನೀನಾಗಿ ನಿಲ್ಲಿಸ್ಬಾರ್ದು. ಇಷ್ಟು ದಿನ ಹೊರಗಿಂದ ಕೊಟ್ಟಿದ್ದಕ್ಕೆ ನಿನ್ನ ಅಡ್ರಿನಲ್ ಗ್ರಂಥಿ ಕೆಲಸ ಕಮ್ಮಿ ಮಾಡಿದೆ. ಥಟ್ಟಂತ ಬಿಟ್ರೆ ಬಿಪಿ ಬಿದ್ದು ಇನ್ನೊಂದು ಅಪಾಯ. ಕರುಳಿಗೆ ಬೇರೆ ಔಷಧಿಗಳಿವೆ, ಬಿಳಿಕಣ ಏರಿದ ಮೇಲೆ ನೋಡೋಣ."

"ಕೂದ್ಲು?"

"ಬರುತ್ತೆ. ಕೆಲವು ತಿಂಗಳು ಹಿಡಿಯುತ್ತೆ, ಆದ್ರೆ ಬರುತ್ತೆ."

ಜೀನ್ ಪರೀಕ್ಷೆಗೆಂದು ಇನ್ನೊಂದು ಟ್ಯೂಬ್ ರಕ್ತ ಹೋಗುತ್ತದೆ. ನರ್ಸ್ ಫೈಲಿನ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಾಳೆ: ಅಜಾಥಯೋಪ್ರಿನ್ ಕೊಡಬಾರದು, ಮರ್ಕ್ಯಾಪ್ಟೊಪ್ಯೂರಿನ್ ಕೂಡ ಕೊಡಬಾರದು. ಎರಡನೆಯದು ಅದೇ ಕುಟುಂಬದ ಮದ್ದು, ರಕ್ತದ ಕ್ಯಾನ್ಸರ್‌ಗೂ ಬಳಸುವಂಥದ್ದು. ಒಡಹುಟ್ಟಿದವರಲ್ಲೂ ಇದೇ ದೋಷ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅಮ್ಮ ಫೋನನ್ನು ನರ್ಸಿನ ಕೈಗಿಡುತ್ತಾಳೆ.

"ಇದರದ್ದೊಂದು ಫೋಟೋ ತೆಗೆದು ನನ್ನ ಮಗನಿಗೆ ಕಳಿಸಮ್ಮ. ಹುಬ್ಳೀಲಿ ಓದ್ತಿದಾನೆ, ಅವನ ಹತ್ರಾನೂ ಇರ್ಲಿ."