ಹುಡುಕುವವರ ಮಾತು

ನಮ್ಮ ಊರಿನ ಹೆಸರು ಹೇಳಿದೊಡನೆ ಹೊರಗಿನವರು ಕೇಳುವ ಮೊದಲ ಪ್ರಶ್ನೆ, "ಯಾವ ಕರ್ಜಗಿ?" ಎಂಬುದು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ಒಂದು ಕರಜಗಿ ಇದೆ. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಗೂ ಒಂದು ಇದೆ. ಇನ್ನು ಕರ್ಜಗಿ ಎಂಬ ಅಡ್ಡಹೆಸರಿನವರಂತೂ ಎಲ್ಲೆಲ್ಲೂ ಸಿಗುತ್ತಾರೆ. ನಮ್ಮದು ಹಾವೇರಿ ತಾಲೂಕಿನದು, ವರದಾ ನದಿಯ ಸೀಮೆಯದು, ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲು ದಾರಿಯಲ್ಲಿ ಸಿಗುವುದು. ಇಷ್ಟು ಹೇಳಿದ ಮೇಲೆಯೇ ಎದುರಿನವರ ಮುಖದಲ್ಲಿ ಗುರುತು ಮೂಡುತ್ತದೆ. ಇಪ್ಪತ್ತೆಂಟು ವರ್ಷ ಇಲ್ಲಿಯೇ ಪಾಠ ಹೇಳಿದ ನನಗೆ ಇದು ರೂಢಿಯಾಗಿ ಹೋಗಿತ್ತು. ಈ ಒಂದು ಪ್ರಶ್ನೆಯಿಂದ ಯಾರದಾದರೂ ಹೊಟ್ಟೆಪಾಡಿಗೆ ಪೆಟ್ಟು ಬಿದ್ದೀತೆಂದು ಮಾತ್ರ ಎಂದೂ ಅನಿಸಿರಲಿಲ್ಲ.

2023ರ ಬೇಸಿಗೆಯ ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕೈಯಲ್ಲಿ ಮೊಬೈಲು, ಸೆರಗಿನ ತುದಿಯಲ್ಲಿ ಕಣ್ಣೀರು. ಗಂಡ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಮೇಲೆ ಈಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೆಣಸಿನಪುಡಿ ಮಾಡಿ ಮಾರುತ್ತಿದ್ದಳು. ಓಣಿಯ ಐದು ಜನ ಹೆಂಗಸರಿಗೂ ಅದರಲ್ಲಿ ಕೂಲಿ ಹುಟ್ಟುತ್ತಿತ್ತು. ಅದೇ ವರ್ಷದ ಜನವರಿ 6ರಿಂದ ಮೂರು ದಿನ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ರಸ್ತೆಯ ಬದಿಗೆ ಕುಳಿತು ಪೊಟ್ಟಣಗಳನ್ನೆಲ್ಲ ಮಾರಿ ಬಂದಿದ್ದಳು. ಮೈಸೂರಿನವರು, ಮಂಗಳೂರಿನವರು, ಮುಂಬಯಿಯ ಕನ್ನಡಿಗರು ತಿಂದು ನೋಡಿ, "ಮತ್ತೆ ಬೇಕಾದರೆ ಎಲ್ಲಿ ಸಿಗುತ್ತದೆ?" ಎಂದು ಕೇಳಿದ್ದರಂತೆ. "ಕರ್ಜಗಿಯಾಗ ಸಿಗತೈತ್ರಿ" ಎಂದು ಈಕೆ ಹೇಳಿದ್ದಳು. ಆ ಮಾತೇ ಆಸೆಯಾಗಿ ಬೆಳೆದು, ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ, ಒಬ್ಬ ಏಜೆಂಟನಿಗೆ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಒಂದು ವೆಬ್‌ಸೈಟ್ ಮಾಡಿಸಿದ್ದಳು.

"ಅಕ್ಕೋರ, ಗೂಗಲ್‌ನ್ಯಾಗ ನಮ್ದು ಕಾಣವಲ್ದು. ಮತ್ತ ಹನ್ನೆರಡು ಸಾವಿರ ಕೊಟ್ರ ಎಸ್‌ಇಓ ಮಾಡಿ ಮೊದಲ್ನೇ ಪುಟಕ್ಕ ತರ್ತೀನಿ ಅಂತಾನ್ರಿ. ಕೊಡ್ಲ್ಯೋ ಬ್ಯಾಡೋ?"

ಎಸ್‌ಇಓ ಎಂದರೆ ಏನೆಂದು ನನಗೆ ತಿಳಿದಿರಲಿಲ್ಲ. ಬಿ.ಎ., ಬಿ.ಇಡ್. ಓದುವಾಗ ನಮಗೆ ಕಂಪ್ಯೂಟರಿನ ಮುಖವೇ ಗೊತ್ತಿರಲಿಲ್ಲ. ಆದರೆ ಟೀಚರಾದವಳು ಮಕ್ಕಳೆದುರು "ಗೊತ್ತಿಲ್ಲ" ಎಂದು ಕೈ ಚೆಲ್ಲುವಂತಿಲ್ಲ. ತಿಳಿದು ಹೇಳುತ್ತೇನೆ ಎನ್ನಬೇಕು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನು ಹಚ್ಚಿದೆ.

ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಾವು ಗೂಗಲ್‌ನಲ್ಲಿ ಏನನ್ನಾದರೂ ಕೇಳಿದಾಗ ಅದು ಆಗ ಜಗತ್ತನ್ನೆಲ್ಲ ಸುತ್ತಲು ಹೊರಡುವುದಿಲ್ಲ. ಮೊದಲೇ ಅದರ ಪ್ರೋಗ್ರಾಮುಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಜೇಡದಂತೆ ಓಡಾಡಿ, ಯಾವ ಶಬ್ದ ಯಾವ ಪುಟದಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತವೆ. ದೊಡ್ಡ ಗ್ರಂಥಗಳ ಕೊನೆಗೆ ಪದಸೂಚಿ ಇರುತ್ತದಲ್ಲ, ಹಾಗೆ. ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ. ಒಂದು ಪುಟದ ಕಡೆಗೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೈ ತೋರಿಸುತ್ತವೆ ಎಂಬುದನ್ನು ನೋಡಿ ಅದರ ತೂಕ ನಿರ್ಧರಿಸಬೇಕೆಂಬುದು ಅವರ ವಿಚಾರವಾಗಿತ್ತು. ಸಂತೆಯಲ್ಲಿ ನಾವು ಮಾಡುವುದೂ ಅದೇ ಅಲ್ಲವೇ? ಗುರುತಿನ ನಾಲ್ಕು ಜನ "ಆ ಅಂಗಡಿಗೆ ಹೋಗು" ಎಂದರೆ ಹೋಗುತ್ತೇವೆ. ಅಂಗಡಿಯವನು ತಾನೇ ಕೂಗಿಕೊಂಡರೆ ಅಷ್ಟು ನಂಬುವುದಿಲ್ಲ. ಈಗ ಗೂಗಲ್ ಇನ್ನೂ ಹತ್ತಾರು ಸಂಗತಿಗಳನ್ನು ನೋಡುತ್ತದಂತೆ. ಆ ಪದಸೂಚಿಯಲ್ಲಿ ನಮ್ಮ ಪುಟ ಸರಿಯಾದ ಕಡೆ ಸೇರುವಂತೆ ಅದನ್ನು ಹಸನು ಮಾಡುವ ಕೆಲಸಕ್ಕೆ ಎಸ್‌ಇಓ ಎನ್ನುತ್ತಾರೆ.

"ಮೊದಲನೇ ಜಾಗದ ಭರವಸೆ ಯಾರೂ ಕೊಡೋಕ್ಕಾಗಲ್ಲ ದೊಡ್ಡಮ್ಮ, ಅಂತ ಗೂಗಲ್‌ನವರೇ ಹೇಳಿದ್ದಾರೆ" ಎಂದ. "ದುಡ್ಡು ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತೆ. ಆದರೆ ಅದರ ಮೇಲೆ ಜಾಹೀರಾತು ಅಂತಲೇ ಬರೆದಿರುತ್ತೆ. ಉಳಿದ ಜಾಗ ಮಾರೋಕಿಲ್ಲ."

ಆಮೇಲೆ ಇಬ್ಬರೂ ಕುಳಿತು ಆ ವೆಬ್‌ಸೈಟ್ ತೆರೆದೆವು. ಮೊದಲಿಗೆ ದೊಡ್ಡದೊಂದು ಚಿತ್ರ, ಅದರಲ್ಲಿಯೇ ಬಣ್ಣದ ಅಕ್ಷರಗಳಲ್ಲಿ ಅಂಗಡಿಯ ಹೆಸರು, ಫೋನ್ ನಂಬರು. ಚಿತ್ರದೊಳಗಿನ ಅಕ್ಷರವನ್ನು ನಾವು ಓದುತ್ತೇವೆ. ಪದಸೂಚಿ ಬರೆಯುವ ಯಂತ್ರ ಅದನ್ನು ಓದೀತೆಂದು ನೆಚ್ಚಿಕೊಳ್ಳುವಂತಿಲ್ಲ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಇರಬೇಕಾಗಿತ್ತು. ಅಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆಗೆಂದು ಬಳಸುವ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ತಂದು ಅಂಟಿಸಿದ್ದರು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳಲ್ಲಿ ಯಂತ್ರ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳನ್ನು; ಕಾಗದದ ಮೇಲೆ ಮಾತ್ರ ಕನ್ನಡದ ಆಕಾರ ತೋರಿಸುತ್ತದೆ. ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ. ಅದರಲ್ಲಿ ಬರೆದ "ರೊಟ್ಟಿ" ಮಾತ್ರ ಗೂಗಲ್‌ಗೆ ರೊಟ್ಟಿಯಾಗಿ ಕಾಣುತ್ತದೆ. ಹದಿನೆಂಟು ಸಾವಿರ ಕೊಟ್ಟ ಆ ಪುಟದಲ್ಲಿ ಯಂತ್ರದ ಪಾಲಿಗೆ ರೊಟ್ಟಿಯೂ ಇರಲಿಲ್ಲ, ಕರ್ಜಗಿಯೂ ಇರಲಿಲ್ಲ.

ಉಳಿದದ್ದು ಇಂಗ್ಲಿಷಿನ ಒಂದು ಪ್ಯಾರಾ. ಅದನ್ನು ಓದಿ ಅವಳಿಗೆ ಕನ್ನಡದಲ್ಲಿ ಹೇಳಿದೆ: ನಾವು ವಿಶ್ವದರ್ಜೆಯ ಗುಣಮಟ್ಟದ ಉತ್ಪನ್ನಗಳ ಅಗ್ರಗಣ್ಯ ತಯಾರಕರು, ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ. ಅವಳು ಕಣ್ಣರಳಿಸಿ, "ಛಲೋ ಐತಲ್ರಿ ಅಕ್ಕೋರ!" ಎಂದಳು.

ನನಗೆ ಚುರುಕ್ಕೆಂದಿತು. ಏಕೆಂದರೆ ಇಂಥದ್ದು ಛಲೋ ಎಂದು ಅವಳಿಗೆ ಕಲಿಸಿದವಳು ನಾನೇ. ಹತ್ತನೆಯ ಇಯತ್ತೆಯಲ್ಲಿ "ನಮ್ಮ ಊರು" ಎಂದು ಪ್ರಬಂಧ ಬರೆಯಿರಿ ಎಂದರೆ, "ನಮ್ಮ ಊರು ಪ್ರಕೃತಿಯ ಮಡಿಲಲ್ಲಿ ಕಂಗೊಳಿಸುವ ಸುಂದರ ತಾಣ" ಎಂದು ಬರೆದವರಿಗೆ ಹತ್ತಕ್ಕೆ ಎಂಟು ಕೊಡುತ್ತಿದ್ದೆ. "ನಮ್ಮ ಊರಾಗ ರೈಲು ನಿಲ್ಲತೈತಿ, ಮಳೆಗಾಲದಾಗ ಕೆಸರು ಭಾಳ" ಎಂದು ಬರೆದ ಹುಡುಗನಿಗೆ ಐದು. ಯಾವ ಊರಿಗೂ ಒಪ್ಪುವ ಮಾತಿಗೆ ಎಂಟು, ನಮ್ಮೂರಿಗೇ ಒಪ್ಪುವ ಮಾತಿಗೆ ಐದು!

ಏಜೆಂಟನಿಗೆ ಹನ್ನೆರಡು ಸಾವಿರ ಕೊಡುವುದು ಬೇಡವೆಂದೆ. ಅವನು ಕೊಟ್ಟ ಪಟ್ಟಿಯಲ್ಲಿ "ಇನ್ನೂರು ಕೀವರ್ಡ್" ಎಂದು ಒಂದು ಬಾಬತ್ತು ಇತ್ತು. ಪುಟದ ಮರೆಯಲ್ಲಿ ಸೇರಿಸುವ ಆ ಕೀವರ್ಡ್ ಪಟ್ಟಿಯನ್ನು ತಾನು ಸ್ಥಾನ ಕೊಡುವಾಗ ನೋಡುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸಾರಿದೆ ಎಂದು ಹುಡುಗ ಹೇಳಿದ್ದ. ಬದಲಿಗೆ ಅವಳ ಕೈಗೆ ಎರಡು ಗೆರೆಯ ನೋಟ್‌ಬುಕ್ ಒಂದನ್ನು ಕೊಟ್ಟೆ. "ಎರಡು ವಾರ, ಫೋನಿನ್ಯಾಗ ಗಿರಾಕಿ ಏನೇನು ಕೇಳತಾರ, ಅವರ ಮಾತಿನ್ಯಾಗs ಬರಕೋ" ಎಂದೆ.

ಎರಡು ವಾರದ ನಂತರ ತಂದಳು. ಜೋಳದ ರೊಟ್ಟಿಯೋ ಸಜ್ಜೆ ರೊಟ್ಟಿಯೋ? ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ? ಪಾರ್ಸಲ್‌ನಲ್ಲಿ ಪುಡಿಯಾಗುವುದಿಲ್ಲವೇ? ಚಟ್ನಿಗೆ ಬೆಳ್ಳುಳ್ಳಿ ಹಾಕುತ್ತೀರಾ? ಮೆಣಸಿನಪುಡಿ ಖಾರವೋ ಬರೀ ಬಣ್ಣವೋ? ಬೆಂಗಳೂರಿಗೆ ಕಳಿಸುತ್ತೀರಾ? ಒಬ್ಬರು "ಬ್ಯಾಡಗಿ" ಎಂದಿದ್ದರೆ ಮುಂಬಯಿಯವರು "ಬೇಡ್ಗಿ" ಎಂದಿದ್ದರು. ನಾವು "ಖಡಕ್ ರೊಟ್ಟಿ" ಎಂದದ್ದನ್ನು ಮೈಸೂರು ಕಡೆಯವರು "ಒಣ ರೊಟ್ಟಿ" ಎಂದಿದ್ದರು. ಈ ನೋಟ್‌ಬುಕ್ಕೇ ನಮ್ಮ ಪಠ್ಯವಾಯಿತು. ಒಂದೊಂದು ಪ್ರಶ್ನೆಗೆ ಒಂದೊಂದು ನೇರ ಉತ್ತರ ಬರೆದೆವು. ಜನ ಹೇಗೆ ಕರೆಯುತ್ತಾರೋ ಆ ಹೆಸರುಗಳನ್ನೆಲ್ಲ ಒಂದೊಂದು ಸಲ, ವಾಕ್ಯದಲ್ಲಿ ಸಹಜವಾಗಿ ಬರುವಂತೆ ಸೇರಿಸಿದೆವು. ಶಿರೋನಾಮೆಯಲ್ಲಿ "ಕರ್ಜಗಿ, ಹಾವೇರಿ ತಾಲೂಕು" ಎಂದು ಹಾಕಿದೆವು. ಚಿತ್ರಗಳ ಅಡಿಗೆ ಅದು ಏನೆಂದು ಬರೆದೆವು. ಫೋನ್ ನಂಬರನ್ನು ಚಿತ್ರದಿಂದ ಬಿಡಿಸಿ ಅಕ್ಷರದಲ್ಲಿ ಇಟ್ಟೆವು. ಗೂಗಲ್‌ನ ನಕಾಶೆಯಲ್ಲಿ ಅಂಗಡಿಯ ಗುರುತು ಹಾಕಿಸುವುದಕ್ಕೆ ದುಡ್ಡೇ ಬೇಡವೆಂದು ತಿಳಿದಾಗ ಅದನ್ನೂ ಮಾಡಿದೆವು. ಇಷ್ಟಕ್ಕೆ ತಂಗಿಯ ಮಗನ ಎರಡು ರಜೆ, ನನ್ನ ಕನ್ನಡಕ, ಅವಳ ನೋಟ್‌ಬುಕ್ ಖರ್ಚಾದವು.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ಹಿತವಾಗುತ್ತಿತ್ತು. ಆದರೆ ಮೆಣಸಿನಪುಡಿಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

ಬ್ಯಾಡಗಿ ನಮ್ಮ ನೆರೆಯ ತಾಲೂಕು. ಅಲ್ಲಿಯ ಮಾರುಕಟ್ಟೆಯ ಮೆಣಸಿನಕಾಯಿಯ ಹೆಸರು ಗೊತ್ತಿಲ್ಲದ ಅಡುಗೆಮನೆ ನಮ್ಮ ಕಡೆ ಇಲ್ಲ. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ಸುಕ್ಕುಸುಕ್ಕು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಜನ ಹುಡುಕುವುದೂ ಆ ಹೆಸರನ್ನೇ. ಏಜೆಂಟ ಇವಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದನಂತೆ: "ಬ್ಯಾಡಗಿ, ಅಪ್ಪಟ ಬ್ಯಾಡಗಿ" ಎಂದು ಐವತ್ತು ಸಲ ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಬರೆಯುವುದು. ಗಿರಾಕಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ಈ ಉಪಾಯ ಬಹಳ ಹಳೆಯದು. ಇಂಥ ಬಚ್ಚಿಟ್ಟ ಅಕ್ಷರ ಸಿಕ್ಕರೆ ಗೂಗಲ್ ಆ ಪುಟವನ್ನು ಹಿಂದಕ್ಕೆ ತಳ್ಳುತ್ತದೆ, ಇಲ್ಲವೇ ಪಟ್ಟಿಯಿಂದಲೇ ತೆಗೆಯುತ್ತದೆ. 2012ರ ಏಪ್ರಿಲ್‌ನಲ್ಲಿ "ಪೆಂಗ್ವಿನ್" ಎಂಬ ಹೆಸರಿನ ತಿದ್ದುಪಡಿ ಬಂದಾಗ, ಶಬ್ದ ತುರುಕಿದ, ಕೊಂಡಿಗಳನ್ನು ಕೊಂಡುಕೊಂಡ ಎಷ್ಟೋ ಪುಟಗಳು ಕೆಳಗುರುಳಿದವಂತೆ. ಇದನ್ನು ಹೇಳಿ ಬೇಡವೆಂದೆ. ಅವಳು ಒಪ್ಪಿದಳು. ಆಮೇಲೆ ಮೆಲ್ಲಗೆ, "ಹಂಗಾರ ಕಾಣೂ ಹಂಗs ಬರೀರಿ, ಅಪ್ಪಟ ಬ್ಯಾಡಗಿ ಅಂತ" ಎಂದಳು.

"ಅಪ್ಪಟ ಹೌದೇನು?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. ಖಾರ ಬೇಕೆನ್ನುವ ಗಿರಾಕಿಗಳಿಗಾಗಿ ಗುಂಟೂರು ಮೆಣಸಿನಕಾಯಿ ಬೆರೆಸುತ್ತಿದ್ದಳು. ಅಪ್ಪಟ ಬ್ಯಾಡಗಿಗೆ ದುಡ್ಡೂ ಹೆಚ್ಚು. ನಾನು ಟೀಚರಿನ ದನಿಯಲ್ಲಿ, ಸುಳ್ಳು ಬರೆಯಲು ನನ್ನ ಕೈಯಿಂದ ಆಗುವುದಿಲ್ಲ ಎಂದುಬಿಟ್ಟೆ.

"ಎಲ್ಲಾರೂ ಬೆರಸ್ತಾರ್ರಿ. ಎಲ್ಲಾರೂ ಅಪ್ಪಟ ಅಂತs ಬರೀತಾರ. ನಿಮಗೇನ್ರಿ ಅಕ್ಕೋರ, ತಿಂಗಳಾದ್ರ ಪಗಾರ ಬರತೈತಿ. ನನಗ ಸಂಘದ ಕಂತು ಬರತೈತಿ" ಎಂದು ಅವಳು ಎದ್ದು ಹೊರಟೇಹೋದಳು.

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಪಗಾರದ ನೆರಳಿನಲ್ಲಿ ಕುಳಿತು ಸತ್ಯ ಹೇಳುವುದು ಸುಲಭ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬರೆದುಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದೂ ಒಮ್ಮೆ ಅನಿಸಿತು.

ಎಂಟು ದಿನದ ಮೇಲೆ ಅವಳೇ ಬಂದಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ತಂದಿದ್ದಳು: "ನಮ್ಮಲ್ಲಿ ಎರಡು ತರದ ಮೆಣಸಿನಪುಡಿ ಸಿಗುತ್ತದೆ. ಒಂದು ಬರೀ ಬ್ಯಾಡಗಿ, ಬಣ್ಣಕ್ಕೆ. ಇನ್ನೊಂದು ಬ್ಯಾಡಗಿ ಮತ್ತು ಗುಂಟೂರು ಕೂಡಿಸಿದ್ದು, ಖಾರಕ್ಕೆ. ಮೊದಲನೆಯದಕ್ಕೆ ದರ ಹೆಚ್ಚು." ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಗಿರಾಕಿಗಳು ನೋಟ್‌ಬುಕ್ಕಿನಲ್ಲಿ ಕೇಳಿದ್ದ "ಖಾರವೋ ಬಣ್ಣವೋ" ಎಂಬ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಹೊಳೆಯುತ್ತಿರಲಿಲ್ಲ. ಹತ್ತಕ್ಕೆ ಹತ್ತು ಕೊಡಬೇಕಾದ ಬರಹ. ಕೊಡುವ ಅಧಿಕಾರ ನನಗೆ ಉಳಿದಿತ್ತೋ ಇಲ್ಲವೋ.

ಪವಾಡವೇನೂ ನಡೆಯಲಿಲ್ಲ. "ಬ್ಯಾಡಗಿ ಮೆಣಸಿನಪುಡಿ" ಎಂದು ಹುಡುಕಿದರೆ ಇಂದಿಗೂ ದೊಡ್ಡ ದೊಡ್ಡ ಕಂಪನಿಗಳೇ ಮುಂದೆ ನಿಲ್ಲುತ್ತವೆ. ಇವಳದು ಎಲ್ಲೋ ಹಿಂದೆ. ಆದರೆ ಹಾವೇರಿಯ ಖಡಕ್ ರೊಟ್ಟಿ, ಕರ್ಜಗಿಯ ಶೇಂಗಾ ಚಟ್ನಿ ಎಂದು ಕೇಳಿದವರಿಗೆ ಇವಳ ಪುಟ ಸಿಗುತ್ತದೆ. ಕೈಯಲ್ಲಿ ಬರೆಯಲು ಬಾರದ ಅಜ್ಜಿಯರೂ ಈಗ ಮೊಬೈಲಿಗೆ ಬಾಯಲ್ಲಿ ಕೇಳುತ್ತಾರೆ; 2017ರಿಂದ ಗೂಗಲ್ ಕನ್ನಡದ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಅವರಾಡುವ ಮಾತು ನೋಟ್‌ಬುಕ್ಕಿನ ಮಾತೇ. ಮೊದಲ ನಾಲ್ಕು ತಿಂಗಳಲ್ಲಿ ಹನ್ನೊಂದು ಪಾರ್ಸಲ್ ಹೋದವು. ಆಮೇಲೆ ತಿಂಗಳಿಗೆ ಅಷ್ಟಾದವು. ಸಂಘದ ಸಾಲ ತೀರಲು ಎರಡು ವರ್ಷ ಹಿಡಿಯಿತು. ಐದು ಹೆಂಗಸರ ಕೂಲಿ ನಿಲ್ಲಲಿಲ್ಲ.

ನಾನೂ ಒಂದು ತಿದ್ದುಪಡಿ ಮಾಡಿಕೊಂಡಿದ್ದೇನೆ. "ನಮ್ಮ ಊರು" ಪ್ರಬಂಧವನ್ನು ಈಗ ಬೇರೆ ರೀತಿ ಕೊಡುತ್ತೇನೆ: ಈ ಊರನ್ನು ಎಂದೂ ನೋಡದ ಒಬ್ಬರು ನಿಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದಾರೆ, ಅವರಿಗೆ ದಾರಿ ತಿಳಿಯುವಂತೆ ಬರೆಯಿರಿ. ಕೆಸರನ್ನು ಬರೆದವರಿಗೂ ಈಗ ಎಂಟು ಸಿಗುತ್ತದೆ.

ಮೊನ್ನೆ ಅವಳ ಮನೆಗೆ ಹೋದಾಗ ಪುಣೆಯಿಂದ ಫೋನು ಬಂದಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದಳು. ಆ ಕಡೆಯವರು ಏನು ಕೇಳಿದರೋ, ಇವಳು ನನ್ನತ್ತ ನೋಡಿ ನಕ್ಕು, "ಅದಲ್ರಿ, ಇದು ಹಾವೇರಿ ತಾಲೂಕಿನ ಕರ್ಜಗಿ. ಪುಟದ ಮ್ಯಾಲs ಬರದೇವಲ್ರಿ" ಎಂದಳು.