ಕೆಂಪು ತೈಲ

"ಓಡ್ತಿರೋ ಗಾಡೀನ ಯಾಕೆ ಕೆದಕ್ತೀರಿ? ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಿದ್ರೆ ಇರೋ ಗೇರೂ ಹೋಗುತ್ತೆ" ಎಂದು, ಅಮೆರಿಕದ ಈ ಊರಿನಲ್ಲಿ ನಮ್ಮ ಕನ್ನಡ ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರೊಬ್ಬರು, ರಾಜ್ಯೋತ್ಸವದ ಕುರ್ಚಿ, ಪರದೆ, ಅಡುಗೆಯ ಹಂಡೆಗಳನ್ನೆಲ್ಲ ನನ್ನ ಪಿಕಪ್ ಟ್ರಕ್ಕಿಗೇ ಹೇರಿಸತಕ್ಕವರು, ನಾನು ಆ ಎಣ್ಣೆಯ ಮಾತೆತ್ತಿದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಾರೆ. ಹೊರೆ ಹೇರುವಾಗ ಗಾಡಿಯ ಮೇಲೆ ಇಲ್ಲದ ಅವರ ಅಂತಃಕರಣ ಎಣ್ಣೆ ಬದಲಿಸುವ ಹೊತ್ತಿಗೆ ಉಕ್ಕಿಬರುವುದನ್ನು ನಾನು ಅವರೆದುರಿಗೇ ಆಡಿ ನಕ್ಕಿದ್ದೇನೆ. ಆದರೆ ಈ ನಂಬಿಕೆ ಅವರೊಬ್ಬರದಲ್ಲ. ಈ ದೇಶದಲ್ಲಿ ಬೀದಿಬೀದಿಯಲ್ಲೂ ಕೇಳಿಬರುವಂಥದು. ಕ್ಲಚ್ ಪ್ಲೇಟುಗಳು ಸವೆದು, ಗೇರು ಜಾರತೊಡಗಿದ ಮೇಲೆ ಮಾತ್ರ ಎಣ್ಣೆಯನ್ನು ನೆನೆಯುವವರ ಗಾಡಿ ಮರುವಾರವೇ ನಿಂತುಹೋದರೆ, ಕೊನೆಗಳಿಗೆಯಲ್ಲಿ ಬಂದ ವೈದ್ಯನ ತಲೆಗೆ ಸಾವನ್ನು ಕಟ್ಟಿದಂತೆ, ಅಪವಾದವೆಲ್ಲ ಹೊಸ ಎಣ್ಣೆಗೆ ಬರುತ್ತದೆ.

ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಣ್ಣೆಯೆಂಬುದು ಬರಿಯ ಜಾರುಪದಾರ್ಥವಲ್ಲ. ಎಂಜಿನ್ನು ತಿರುಗಿಸುವ ಚಕ್ರವೊಂದು ಎರಚಿದ ಎಣ್ಣೆಯ ವೇಗಕ್ಕೆ ಎದುರಿನ ಇನ್ನೊಂದು ಚಕ್ರ ತಿರುಗಿ ಗಾಡಿಯನ್ನು ಹೊರಡಿಸುತ್ತದೆ. ಅದೇ ಎಣ್ಣೆ ಒತ್ತಡಕ್ಕೊಳಗಾಗಿ ಕ್ಲಚ್ ಪ್ಲೇಟುಗಳನ್ನು ಅದುಮಿ ಗೇರನ್ನು ಬದಲಿಸುತ್ತದೆ. ಅದೇ ಒಳಗಿನ ತಾಪವನ್ನು ಹೊತ್ತೊಯ್ದು ರೇಡಿಯೇಟರಿನ ಬಳಿ ಇಳಿಸಿ ಬರುತ್ತದೆ. ಇಷ್ಟೆಲ್ಲ ಮಾಡುವ ವಸ್ತುವಿಗೆ ಮುಪ್ಪೇ ಇಲ್ಲವೆಂದು ಭಾವಿಸುವುದು ಅನ್ಯಾಯ.

ನನ್ನದು ಹಳೆಯ ಷೆವ್ರೊಲೆ ಸಿಲ್ವರಾಡೊ. ಅದರಡಿಯಲ್ಲಿ ಅಂಗಾತ ಮಲಗಿ ಕೈಯಾಡಿಸುವಷ್ಟು ಎಡೆಯಿದೆ. ಗೇರ್‌ಬಾಕ್ಸಿನಡಿಯಲ್ಲಿ ಎಣ್ಣೆ ನಿಲ್ಲುವ ಪ್ಯಾನಿನ 16 ಬೋಲ್ಟುಗಳನ್ನು ಒಂದು ಮೂಲೆಯಿಂದ ಸಡಿಲಿಸುತ್ತ ಬಂದರೆ ಆ ಮೂಲೆ ಬಾಗಿ ಎಣ್ಣೆ ತಟ್ಟೆಗೆ ಧಾರೆಯಾಗಿ ಬೀಳುತ್ತದೆ. ಪ್ಯಾನಿನ ತಳದಲ್ಲಿರುವ ಅಯಸ್ಕಾಂತದ ಬಿಲ್ಲೆಯನ್ನು ನೋಡದೆ ಯಾರೂ ಮುಂದುವರಿಯಬಾರದು. ಅದರ ಮೇಲೆ ಬೂದುಬಣ್ಣದ ಕೆಸರು ಕೂತಿರುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿದರೆ ಕಾಡಿಗೆಯ ಹಾಗೆ ನುಣ್ಣಗಿದ್ದರೆ ಚಿಂತೆಯಿಲ್ಲ, ಬೆರಳಿಗೆ ಲೋಹದ ಚೂರು ಚುಚ್ಚಿದರೆ ಒಳಗೆ ಏನೋ ಮುರಿಯುತ್ತಿದೆಯೆಂದು ತಿಳಿಯತಕ್ಕದ್ದು. ಫಿಲ್ಟರನ್ನೂ ಗ್ಯಾಸ್ಕೆಟ್ಟನ್ನೂ ಹೊಸದಾಗಿ ಕೂಡಿಸಿ, ಸುಮಾರು 5 ಲೀಟರ್ ಡೆಕ್ಸ್‌ರಾನ್-6 ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಕೊಳವೆಯಿಂದಲೇ ತುಂಬಬೇಕು. ಅರ್ಧಕ್ಕಿಂತ ಹೆಚ್ಚು ಹಳೆಯ ಎಣ್ಣೆ, ಮೊದಲು ಹೇಳಿದ ಆ ಎರಡು ಚಕ್ರಗಳಿರುವ ಟಾರ್ಕ್ ಕನ್ವರ್ಟರಿನಲ್ಲಿಯೂ ಇತರ ಭಾಗಗಳಲ್ಲಿಯೂ ಉಳಿದೇ ಇರುತ್ತದೆ.

ಹೊಸ ಎಣ್ಣೆಯ ಕಡುಗೆಂಪು, ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಕಾಣಲೆಂದು ಬೆರೆಸಿದ ಬಣ್ಣವೆಂಬುದನ್ನು ಬಲ್ಲೆನಾದರೂ, ಅದನ್ನು ಸುರಿಯುವಾಗಲೆಲ್ಲ ನನ್ನ ಮನಸ್ಸು ಕಡಲಿಗೆ ಹೋಗುತ್ತದೆ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಬಂದು ಕ್ಲಚ್ಚನ್ನು ತುಳಿಯುವ ಕೆಲಸ ತಪ್ಪಿದ ಮೇಲೆ, ತಯಾರಕರಿಗೆ ಕಠಿನವಾದ ಪ್ರಶ್ನೆಯೊಂದು ಎದುರಾಯಿತು: ಎಣ್ಣೆ ಅತಿಯಾಗಿ ಜಾರಿದರೆ ಪ್ಲೇಟುಗಳು ಹಿಡಿಯುವುದಿಲ್ಲ, ಜಾರದಿದ್ದರೆ ಗಾಡಿ ಜಗ್ಗುತ್ತದೆ. ಈ ಎರಡರ ನಡುವಿನ ಹದವನ್ನು ತರುವುದಕ್ಕೆ ಅವರು ಬೆರೆಸಿದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು. ಹಲ್ಲುಳ್ಳ ತಿಮಿಂಗಿಲಗಳಲ್ಲಿ ಎಲ್ಲಕ್ಕೂ ದೊಡ್ಡದು, ಭೂಮಿಯ ಮೇಲಿನ ಸಮಸ್ತ ಪ್ರಾಣಿಗಳಲ್ಲಿ ಅತ್ಯಂತ ಭಾರವಾದ ಮಿದುಳುಳ್ಳದ್ದು, ಆಹಾರಕ್ಕಾಗಿ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಬಲ್ಲದ್ದು ಈ ಜೀವಿ. ತಾಯಿ ಹಾಗೆ ಮುಳುಗಿದಾಗ, ಆಳಕ್ಕಿಳಿಯಲಾರದ ಮರಿಯ ಬಳಿ ಗುಂಪಿನ ಬೇರೆ ಹೆಣ್ಣುಗಳು ಮೇಲೆ ಕಾವಲಿರುತ್ತವೆ. ಇಂಥ ಸಂಸಾರವಂತ ಜೀವಿಯನ್ನು ಹಿಂದೆ ದೀಪಕ್ಕೂ ಮೇಣದಬತ್ತಿಗೂ ಕೊಂದದ್ದು ಸಾಲದೆ, ಭೂಮಿಯ ಮೇಲೆ ಮನುಷ್ಯನ ಎಡಗಾಲಿಗೆ ವಿರಾಮ ಕೊಡುವುದಕ್ಕೂ ಕೊಂದರಲ್ಲ ಎಂಬುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. 1970ರಲ್ಲಿ ಅಮೆರಿಕ ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಕೆಲವೇ ವರ್ಷಗಳಲ್ಲಿ ಗೇರ್‌ಬಾಕ್ಸಿನಿಂದ ತಿಮಿಂಗಿಲದ ಎಣ್ಣೆ ಮರೆಯಾಗಿ, ರಸಾಯನಶಾಸ್ತ್ರಜ್ಞರು ಬೇರೆ ದಾರಿಗಳನ್ನು ಹುಡುಕಬೇಕಾಯಿತು. ಹಾಗೆ ಹುಡುಕುವಾಗ ಅವರ ಕಣ್ಣಿಗೆ ಬಿದ್ದವುಗಳಲ್ಲಿ ಸೊನೋರಾ ಮರುಭೂಮಿಯ ಜೊಜೊಬಾ ಎಂಬ ಪೊದೆಯ ಬೀಜವೂ ಒಂದು. ಕಡಲಿನ ಮಹಾಪ್ರಾಣಿಯ ತಲೆಯಲ್ಲಿದ್ದ ಎಣ್ಣೆಗೂ, ನೀರೇ ಕಾಣದ ನೆಲದ ಬೀಜದ ಎಣ್ಣೆಗೂ ರಚನೆಯಲ್ಲಿ ಅಷ್ಟು ಸಾಮ್ಯವಿರುವುದು ಸೃಷ್ಟಿಯ ಅದ್ಭುತಗಳಲ್ಲೊಂದೆಂದೇ ನಾನು ನಂಬಿದ್ದೇನೆ.

ಹೀಗೆ ಬಂದ ತೈಲವನ್ನು ಕರಕಾಗುವವರೆಗೆ ದುಡಿಸುವುದು ನನ್ನಿಂದಾಗದು. ಭಾರ ಎಳೆಯುವ ಪಿಕಪ್ಪಿಗೆ ಸುಮಾರು 50,000 ಮೈಲಿಗೊಮ್ಮೆ ಎಣ್ಣೆ ಬದಲಿಸುವುದು ಯುಕ್ತ. ತುಂಬಿದ ಮೇಲೆ ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ತೆಗೆದು, ಎಣ್ಣೆ ಬಿಸಿಯಾದಾಗ, ಎಂಜಿನ್ನು ಓಡುತ್ತಿರುವಾಗಲೇ ಮಟ್ಟವನ್ನು ನೋಡಿರಿ. ತೆಗೆದ ಎಣ್ಣೆಯನ್ನು ಮಾತ್ರ ದಯವಿಟ್ಟು ಚರಂಡಿಗೆ ಸುರಿಯಬೇಡಿ. ಖಾಲಿಯಾದ ಡಬ್ಬಿಗಳಿಗೇ ತುಂಬಿ ಒಯ್ದರೆ ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಅನೇಕರು ಕಾಸಿಲ್ಲದೆ ಅದನ್ನು ತೆಗೆದುಕೊಳ್ಳುತ್ತಾರೆ.