ಕೊಂಡಜ್ಜಿ ಬಯಲಲ್ಲಿ ಒಂದು ಜನರೇಟರ್

ದಾವಣಗೆರೆ ಬಿಟ್ಟು ಸುಮಾರು ಹತ್ತು ಕಿಲೋಮೀಟರು ಸಾಗುವಷ್ಟರಲ್ಲಿ ನೋಟವೇ ಬದಲಾಗುತ್ತದೆ. ಮಂಡಕ್ಕಿ ಭಟ್ಟಿಗಳ ಹೊಗೆ, ಬೆಣ್ಣೆ ದೋಸೆ ಹೋಟೆಲುಗಳ ಮುಂದಿನ ಗದ್ದಲ, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದಿದ್ದ ಹತ್ತಿ ಗಿರಣಿಗಳ ನೆನಪು ಎಲ್ಲವೂ ಹಿಂದೆ ಸರಿಯುತ್ತವೆ. ಎದುರಿಗೆ ಕೊಂಡಜ್ಜಿಯ ಗುಡ್ಡ, ಕೆರೆ, ಗಿಡಮರಗಳ ನೆರಳು. ಹರಿಹರ ತಾಲ್ಲೂಕಿನ ಈ ಊರಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಡೇರೆ ಹೂಡುವುದು, ಗಂಟು ಹಾಕುವುದು, ಬಯಲಲ್ಲಿ ಅಡುಗೆ ಮಾಡುವುದು ಇವನ್ನೆಲ್ಲ ಕಲಿಯಲು ಮಕ್ಕಳು ಇಲ್ಲಿಗೆ ಬರುತ್ತಾರೆ. ಎಷ್ಟೋ ಮಕ್ಕಳಿಗೆ ಮನೆ ಬಿಟ್ಟು ಮಲಗುವ ಮೊದಲ ರಾತ್ರಿ ಇಂಥ ಶಿಬಿರದಲ್ಲೇ.

ಬಯಲಿನ ಶಿಬಿರಕ್ಕೆ ಹಿಂದೆ ಲಾಟೀನು, ಪೆಟ್ರೋಮ್ಯಾಕ್ಸ್ ಇದ್ದರೆ ಸಾಕಿತ್ತು. ಈಗ ಹಲವು ತಂಡಗಳು ಇಬ್ಬರು ಎತ್ತಬಹುದಾದ ಪುಟ್ಟ ಪೆಟ್ರೋಲ್ ಜನರೇಟರ್ ಒಯ್ಯುತ್ತವೆ. ಲೆಕ್ಕ ಸುಲಭ. 60 ವ್ಯಾಟಿನ ಹಳೆಯ ಬಲ್ಬು 20 ಉರಿಸಲು 1200 ವ್ಯಾಟ್ ಬೇಕಿತ್ತು. 9 ವ್ಯಾಟಿನ ಎಲ್‌ಇಡಿ ದೀಪ 20 ಹಾಕಿದರೆ 180 ವ್ಯಾಟ್ ಮಾತ್ರ. ಹಾಗಾಗಿ ಚಿಕ್ಕ ಯಂತ್ರವೇ ಸಾಕು. ಆದರೆ ಅದನ್ನು ಒಯ್ಯುವುದು ಸುಲಭವಾದಷ್ಟೇ ತಪ್ಪು ಜಾಗದಲ್ಲಿ ಇಡುವುದೂ ಸುಲಭ.

ಗುಡುಗು ಕೇಳಿದ ಗಳಿಗೆ

ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ, ಇಲ್ಲವೇ ದಸರಾ ಹೊತ್ತಿಗೆ. ಈ ಸೀಮೆಯಲ್ಲಿ ಸಂಜೆ ಗುಡುಗು ಸಹಿತ ಮಳೆ ಹೊಯ್ಯುವ ಕಾಲವೂ ಅದೇ. ಮಧ್ಯಾಹ್ನವೆಲ್ಲ ಉರಿಬಿಸಿಲು, ಕತ್ತಲಾಗುವಷ್ಟರಲ್ಲಿ ದೂಳೆಬ್ಬಿಸುವ ಗಾಳಿ, ಹಿಂದೆಯೇ ದಪ್ಪ ಹನಿ. ಆಗ ಯಾರಾದರೊಬ್ಬರು ಕೂಗುತ್ತಾರೆ: “ಮಷೀನು ನೆನೀತತಿ, ಒಳಗೆ ತಗಂಬರ್ರೋ!”

ಇಡೀ ಶಿಬಿರಕ್ಕೆ ಅತಿ ಅಪಾಯದ ಮಾತು ಇದು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಬೆಲೆಬಾಳುವ ಯಂತ್ರ ಕೆಡದಿರಲಿ ಎಂಬ ಕಾಳಜಿಯಷ್ಟೇ. ಆದರೆ ಓಡುತ್ತಿರುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಮಂಪರು. ದಿನವಿಡೀ ಗುಡ್ಡ ಹತ್ತಿ ದಣಿದು ಮಲಗಿದ ಮಗುವಿಗೆ ಇದು ಗೊತ್ತಾಗುವುದೇ ಇಲ್ಲ. ಡೇರೆಯ ಬಾಗಿಲು ಎತ್ತಿ ಕಟ್ಟಿದರೆ, ಕೋಣೆಯ ಕಿಟಕಿ ತೆರೆದರೆ ಸಾಕೆಂಬುದೂ ತಪ್ಪು ತಿಳಿವಳಿಕೆ. ಇಂಥ ಲಕ್ಷಣ ಕಂಡವರನ್ನು ಕೂಡಲೇ ಬಯಲಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು.

ಹಾಗೆಂದು ಯಂತ್ರವನ್ನು ಮಳೆಗೆ ಬಿಡುವಂತೆಯೂ ಇಲ್ಲ. ನೀರು ಸಾಕೆಟ್ಟಿಗೆ ಇಳಿದರೆ ವಿದ್ಯುತ್ ಆಘಾತದ ಭಯ. ಉಪಾಯ ಒಂದೇ: ತಲೆಯ ಮೇಲೆ ಸೂರು ಇರಲಿ, ಸುತ್ತ ಗೋಡೆ ಬೇಡ. ಡೇರೆಗಳಿಂದ ಕನಿಷ್ಠ 20 ಅಡಿ, ಜಾಗವಿದ್ದರೆ ಇನ್ನೂ ದೂರದಲ್ಲಿ ಸ್ವಲ್ಪ ಎತ್ತರದ ನೆಲ ಆರಿಸಬೇಕು. ಇಟ್ಟಿಗೆ ಜೋಡಿಸಿ, ಮೇಲೆ ಗಟ್ಟಿ ಹಲಗೆ ಹಾಕಿ, ಅಲುಗಾಡದಂತೆ ಯಂತ್ರ ಕೂರಿಸಬೇಕು. ನಾಲ್ಕು ಗೂಟ ನೆಟ್ಟು ಆಳೆತ್ತರದಲ್ಲಿ ತಾಡಪಾಲು ಇಳಿಜಾರಾಗಿ ಕಟ್ಟಿದರೆ ನೀರು ಒಂದೇ ಕಡೆ ಹರಿದುಹೋಗುತ್ತದೆ. ಸುತ್ತ ಒಂದು ಗೇಣು ಅಗಲದ ಕಾಲುವೆ ತೋಡಿದರೆ ಕೆಳಗೆ ನೀರು ನಿಲ್ಲದು. ಸೈಲೆನ್ಸರಿನ ಬಾಯಿ ಡೇರೆಗಳಿಗೆ ಬೆನ್ನು ಮಾಡಿರಬೇಕು. ಮಳೆಗಾಳಿ ದಿಕ್ಕು ಬದಲಿಸುತ್ತಲೇ ಇರುವುದರಿಂದ ಗಾಳಿಯನ್ನು ನಂಬುವುದಕ್ಕಿಂತ ದೂರವನ್ನು ನಂಬುವುದೇ ಮೇಲು.

ಎರಚಲು ಯಂತ್ರಕ್ಕೇ ಬಡಿಯುವಷ್ಟು ಮಳೆ ಜೋರಾದರೆ ಆರಿಸಿಬಿಡಬೇಕು. ಟಾರ್ಚ್ ಇರುವುದು ಅದಕ್ಕೇ. ಒಂದು ರಾತ್ರಿಯ ಕತ್ತಲೆಯನ್ನು ಸಹಿಸಬಹುದು.

ಪೆಟ್ರೋಲ್ ವಿಷಯದಲ್ಲೂ ಅವಸರ ಸಲ್ಲದು. ಕಾದ ಎಂಜಿನ್ನಿಗೆ ಪೆಟ್ರೋಲ್ ಸುರಿಯುವುದು ಬೆಂಕಿಯನ್ನು ಕರೆದಂತೆ. ಯಂತ್ರ ನಿಲ್ಲಿಸಿ, ಹದಿನೈದು ನಿಮಿಷವಾದರೂ ಆರಲು ಬಿಟ್ಟು ತುಂಬಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಡಿ ದೂರದ ಒಲೆಯನ್ನೂ ಮುಟ್ಟಬಲ್ಲದು. ಆದ್ದರಿಂದ ಕ್ಯಾನು ಯಂತ್ರದ ಬಳಿಯಾಗಲಿ ಅಡುಗೆಯ ಬಳಿಯಾಗಲಿ ಇರಬಾರದು. ಕಳ್ಳರ ಭಯಕ್ಕೆ ಡೇರೆಯೊಳಗೆ ಇಡುವ ಬದಲು, ಹಿಡಿಕೆಗಲ್ಲದೆ ಯಂತ್ರದ ಕಬ್ಬಿಣದ ಚೌಕಟ್ಟಿಗೇ ಸರಪಳಿ ತೂರಿಸಿ ಮರದ ಬೊಡ್ಡೆಗೆ ಬೀಗ ಹಾಕಬೇಕು. ಎಂಜಿನ್ ನಂಬರು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹರಿಹರದ ದಾರಿಯಲ್ಲಿ

ಶಿಬಿರ ಮುಗಿದ ಮೇಲೆ ಮಕ್ಕಳಿಗೆ ಹರಿಹರ ತೋರಿಸಬೇಕು. ದಾವಣಗೆರೆಯಿಂದ 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಅದರ ಕಂಬಗಳನ್ನು ಮಕ್ಕಳು ಸವರಿ ನೋಡುತ್ತಾರೆ. ಲೋಹ ಕಡೆಯುವ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾದದ್ದೂ ಇದೇ ಊರಲ್ಲಿ. ಕಾರ್ಖಾನೆ ಮುಚ್ಚಿದೆ, ಯಂತ್ರಾಪುರ ಎಂಬ ಹೆಸರು ಉಳಿದಿದೆ.

ಯಂತ್ರವನ್ನು ಒರೆಸಿ, ಎಣ್ಣೆ ಹಾಕಿ ಎತ್ತಿಡುವ ಪಾಠಕ್ಕೆ ಈ ಊರಿಗಿಂತ ಒಳ್ಳೆಯ ಜಾಗ ಯಾವುದು? ಮುಂದಿನ ರಜೆಯವರೆಗೆ ಜನರೇಟರ್ ಸುಮ್ಮನೆ ಕೂರಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವ ಹೀರುತ್ತದೆ. ಹಳತಾದ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರ ಮುಚ್ಚುತ್ತದೆ. ಆದ್ದರಿಂದ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಬೇಕು. ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಎರಡು-ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಮತ್ತೆ ಕೂರಿಸಬೇಕು. ಆಮೇಲೆ ಹಗ್ಗ ಬಿಗಿಯೆನಿಸುವಲ್ಲಿ ನಿಲ್ಲಿಸಿದರೆ ಎರಡೂ ವಾಲ್ವ್‌ಗಳು ಮುಚ್ಚಿಕೊಂಡು ತೇವದ ಗಾಳಿ ಒಳಹೋಗದು. ಬಿಗಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ತುಕ್ಕು ಹಿಡಿದೀತು; ದಪ್ಪ ಬಟ್ಟೆ ಲೇಸು.

ರಜೆ ಬಂದಾಗ ಕೊಂಡಜ್ಜಿಗೋ ಹೊಳೆಯ ದಂಡೆಗೋ ಹೊರಟ ಮಗುವಿನ ಚೀಲದಲ್ಲಿ ಟವೆಲು, ಟಾರ್ಚು ಇವೆಯೇ ಎಂದು ತಾಯಿ ನೋಡುತ್ತಾಳೆ. ಕರೆದೊಯ್ಯುವವರನ್ನು ತಂದೆಯಾದವನು ಇನ್ನೊಂದು ಮಾತು ಕೇಳಲಿ: “ಮಳೆ ಬಂದರೆ ಜನರೇಟರ್ ಎಲ್ಲಿಡುತ್ತೀರಿ?” ‘ಹೊರಗೇ’ ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಕಳಿಸಬಹುದು.